ದೀಪ ಹಚ್ಚುವ ಹೊತ್ತಿನ ಕೊಲೆ

ಸಂಜೆಯ ಹೊತ್ತು ಟೀವಿಯಲ್ಲಿ ಯಾರಾದರೂ ಸಾಯುವ ಸೂಚನೆ ಕಂಡರೆ ಸಾಕು, ನನ್ನ ಕೈ ತಾನಾಗಿಯೇ ರಿಮೋಟಿನ ಕಡೆ ಹೋಗಿಬಿಡುತ್ತದೆ. ಧ್ವನಿ ಇಳಿಯುತ್ತದೆ. ತೆರೆಯ ಮೇಲೆ ಒಬ್ಬ ಎದೆ ಹಿಡಿದುಕೊಂಡು ಸದ್ದಿಲ್ಲದೆ ಬೀಳುತ್ತಾನೆ, ಅವನ ಹೆಂಡತಿ ಸದ್ದಿಲ್ಲದೆ ಅಳುತ್ತಾಳೆ. ಅಳು ಮುಗಿಯಿತೆಂದು ಖಾತ್ರಿಯಾದ ಮೇಲೆ ಧ್ವನಿ ಮತ್ತೆ ಏರಿಸುತ್ತೇನೆ. ಮೊಮ್ಮಗಳು ಚೈತ್ರ ರಜಕ್ಕೆ ಬಂದಾಗಲೆಲ್ಲ ನಮ್ಮಿಬ್ಬರಿಗೂ ಇದೇ ಜಗಳ. "ಅಜ್ಜೀ, ನಿನ್ನ ಜೊತೆ ಕೂತು ನೋಡಿದ್ರೆ ಯಾರು ಸತ್ರು, ಯಾಕೆ ಸತ್ರು ಅನ್ನೋದೇ ಗೊತ್ತಾಗಲ್ಲ" ಎನ್ನುತ್ತಾಳೆ. ದೂರು ನ್ಯಾಯವಾದದ್ದೇ. ಆದರೆ ಅವಳಿಗೇನು ಗೊತ್ತು, ಒಬ್ಬ ಮನುಷ್ಯ ಯಾಕೆ ಕೊಲೆ ಮಾಡಿದ ಎಂದು ತಿಳಿದುಕೊಳ್ಳಲು ಅವಳ ಅಜ್ಜಿ ಲಂಗ ಉಡುತ್ತಿದ್ದ ಕಾಲದಿಂದ ಕಾಯುತ್ತಿದ್ದಾಳೆ ಎಂದು?

ಈ ಸಲ ಅವಳು ಬರುವಾಗಲೇ ಒಂದು ಸುದ್ದಿ ಹೊತ್ತು ತಂದಳು. ಯಾವುದೋ ಹಳೆಯ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯನ್ನು ಟೀವಿಗೆ ತಂದಿದ್ದಾರಂತೆ. "ಪುಸ್ತಕದಲ್ಲಿ ಹೇಗಿದೆಯೋ ಹಾಗೇ ತೆಗೆದಿದಾರೆ ಅಜ್ಜಿ, ಒಂದು ಮಾತೂ ಬದಲಾಯಿಸಿಲ್ಲ!" ಎಂದಳು. ನಾನು ಅವರೆಕಾಯಿ ಸುಲಿಯುತ್ತ ಅರೆಮನಸ್ಸಿನಿಂದ ನೋಡತೊಡಗಿದೆ. ಹಿಮ ಸುರಿಯುತ್ತಿತ್ತು. ದೊಡ್ಡ ಬಂಗಲೆ. ಒಳಗೆ ಗೋಡೆ ತುಂಬ ಪುಸ್ತಕವಿರುವ ಕೋಣೆ. ಬೆಂಕಿಯ ಮುಂದೆ ಒಬ್ಬ ಶ್ರೀಮಂತ ಮುದುಕ. ಅವನ ಪುಸ್ತಕಗಳನ್ನು ಜೋಡಿಸಿಡುವ, ಮೆತ್ತಗೆ ಮಾತಾಡುವ ಸಣಕಲು ಮನುಷ್ಯನೊಬ್ಬ ಬಾಗಿಲು ತೆರೆದು ಒಳಗೆ ಬಂದ. ನನ್ನ ಕೈಯಲ್ಲಿದ್ದ ಅವರೆಕಾಳು ಕೆಳಗೆ ಉರುಳಿತು. ಅಯ್ಯೋ, ಇವರನ್ನೆಲ್ಲ ನಾನು ಬಲ್ಲೆ! ಇವರೆಲ್ಲ ಮೈಸೂರಿನ ಚಾಮರಾಜಪುರಂನ ನಮ್ಮ ವಠಾರದಲ್ಲಿ ಶುಕ್ರವಾರ ಶುಕ್ರವಾರ ಬಂದು ಹೋಗುತ್ತಿದ್ದವರು. ಕಾದಂಬರಿಯ ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ಓದದೆ ಇರುವವರ ಶಾಪ ನನಗೆ ಬೇಡ.

ಆಗ ರೇಡಿಯೋ ಸ್ಟೇಷನ್ನು ಇನ್ನೂ ಮೈಸೂರಿನಲ್ಲೇ ಇತ್ತು, ಒಂಟಿಕೊಪ್ಪಲಿನ ಆ ಕಡೆಗೆ. ಬೆಂಗಳೂರಿಗೆ ಹೋಗಿದ್ದು ಆಮೇಲೆ. ನಮ್ಮ ಚಿಕ್ಕಪ್ಪ ನಂಜುಂಡ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು, ನಮ್ಮ ವಂಶದಲ್ಲೇ ಮೊದಲು ಬಿ.ಎ. ಮಾಡಿದವನು. ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದ ನಮ್ಮ ಮನೆತನಕ್ಕೆ ಒಂದು ಇಂಗ್ಲಿಷ್ ಕೊಲೆಯನ್ನು ತಂದುಕೊಟ್ಟ ಕೀರ್ತಿಯೂ ಅವನದೇ. ಆ ಕಾದಂಬರಿಯನ್ನು ಅವನು ಎಷ್ಟು ಸಲ ಓದಿದ್ದನೋ, ಅದರ ರಟ್ಟು ಕಿತ್ತುಬಂದು ದಾರದಲ್ಲಿ ಕಟ್ಟಿಟ್ಟಿದ್ದ. ಅದನ್ನು ಕನ್ನಡ ಮಾಡಿ ರೇಡಿಯೋ ನಾಟಕವಾಗಿ ಬರೆದು ಸ್ಟೇಷನ್ನಿಗೆ ಕೊಟ್ಟ. ಅವರು ಒಪ್ಪಿಕೊಂಡರು. ವಾರಕ್ಕೊಂದು ಕಂತು, ಶುಕ್ರವಾರ ಸಂಜೆ, ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ.

ಚಿಕ್ಕಪ್ಪನದು ಒಂದು ಹಟ. ಮೂಲಕ್ಕೆ ನಿಷ್ಠೆ. ಪುಸ್ತಕದಲ್ಲಿ ಹಿಮವಿದ್ದರೆ ಮೈಸೂರಿನ ರೇಡಿಯೋದಲ್ಲೂ ಹಿಮವೇ ಬೀಳಬೇಕು, ಸೋನೆ ಮಳೆ ನಡೆಯುವುದಿಲ್ಲ. ಅಲ್ಲಿ ಸಾಹೇಬರು ನಾಲ್ಕು ಗಂಟೆಗೆ ಟೀ ಕುಡಿದರೆ ಇಲ್ಲಿಯೂ ಟೀ. ಕಾಫಿ ಕೊಟ್ಟರೆ ಅವನಿಗೆ ಅವಮಾನ. ಹಿಮದ ಮೇಲೆ ನಡೆಯುವ ಸದ್ದು ಬೇಕೆಂದು ಏನೇನೋ ತುಳಿದು ನೋಡಿ, ಕೊನೆಗೆ ನಮ್ಮಜ್ಜಿ ಊರಿನಿಂದ ಕುಟ್ಟಿಸಿ ತರಿಸಿದ್ದ ಅವಲಕ್ಕಿಯನ್ನು ಚೀಲದ ಸಮೇತ, ಯಾರಿಗೂ ಹೇಳದೆ, ಸೈಕಲ್ಲಿಗೆ ಹೇರಿಕೊಂಡು ಸ್ಟೇಷನ್ನಿಗೆ ಹೋದ. ಮೊದಲ ಕಂತಿನಲ್ಲಿ ಯಾರೋ ಬಂಗಲೆಯ ಸುತ್ತ ಕರಕ್ ಕರಕ್ ಎಂದು ನಡೆದಾಗ ಅಜ್ಜಿ ರೇಡಿಯೋಗೆ ಕಿವಿಯಿಟ್ಟು, "ಇದು ನಮ್ಮವಲಕ್ಕಿ ಕಣ್ಲಾ!" ಎಂದು ಕೂಗಿದ್ದಳು. ಆ ನಾಟಕದಲ್ಲಿ ಪತ್ತೆಯಾದ ಮೊದಲ ಕಳ್ಳತನ ಅದು.

ಅಜ್ಜಿ ಎಂದರೆ ಚಿಕ್ಕಪ್ಪನ ತಾಯಿ. ಅಪ್ಪನಿಗೂ ಚಿಕ್ಕಪ್ಪನಿಗೂ 'ಅವ್ವ'. ವಠಾರಕ್ಕೆಲ್ಲ ಇದ್ದದ್ದು ಒಂದೇ ರೇಡಿಯೋ, ನಮ್ಮದು. ಅಪ್ಪ ಹೇಗೋ ಹಣ ಹೊಂದಿಸಿ ತಂದದ್ದು. ಕರೆಂಟಿನ ಪ್ಲಗ್ಗು ಇದ್ದದ್ದು ದೇವರ ಗೂಡಿನ ಪಕ್ಕದಲ್ಲಿ, ಹಾಗಾಗಿ ರೇಡಿಯೋವೂ ಅಲ್ಲೇ ನೆಲೆಗೊಂಡಿತು. ದೇವರ ಪಕ್ಕದಲ್ಲಿ ಬಂದು ಕೂತ ತಪ್ಪಿಗೆ ದಿನವೂ ಅದಕ್ಕೊಂದು ಕುಂಕುಮ, ಶುಕ್ರವಾರ ಒಂದು ತುಂಡು ಹೂವು. ಗುಂಡಿ ತಿರುಗಿಸಿದರೆ ಒಳಗೆ ಹಸಿರು ದೀಪದ ಕಣ್ಣು ನಿಧಾನಕ್ಕೆ ಬಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು, ಆಮೇಲೆ ಮಾತು. ನಾಟಕ ಶುರುವಾಗುವುದಕ್ಕೂ ಅಜ್ಜಿ ದೀಪಕ್ಕೆ ಎಣ್ಣೆ ಬಿಡುವುದಕ್ಕೂ ಸರಿಹೋಗುತ್ತಿತ್ತು. ಅವಳ ಎಡಗೈ ಎಣ್ಣೆಯ ಗಿಂಡಿಯ ಮೇಲೆ, ಬಲಗೈ ರೇಡಿಯೋದ ಕಿವಿಯಂಥ ಗುಂಡಿಯ ಮೇಲೆ.

ದೀಪ ಹಚ್ಚುವ ಹೊತ್ತಿನಲ್ಲಿ ಕೆಟ್ಟ ಮಾತು ಆಡಬಾರದು, ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಯಾರು ಏನೇ ಅಂದರೂ 'ಅಸ್ತು' ಅಂದುಬಿಡುತ್ತಾರೆ ಎಂದು ನಿಮ್ಮ ಮನೆಯಲ್ಲೂ ಹೇಳಿರುತ್ತಾರೆ. ನಿಮ್ಮ ಮನೆಯಲ್ಲಿ ಹೇಳಿ ಬಿಟ್ಟಿರುತ್ತಾರೆ. ನಮ್ಮಲ್ಲಿ ಅದು ಕಾಯಿದೆ. ಸಂಜೆ ಹೊತ್ತು ನಮ್ಮ ಮನೆಯಲ್ಲಿ ಅಕ್ಕಿ ಖಾಲಿಯಾಗುತ್ತಿರಲಿಲ್ಲ, ಹೆಚ್ಚುತ್ತಿತ್ತು. ದೀಪ ಆರುತ್ತಿರಲಿಲ್ಲ, ತುಂಬಿಕೊಳ್ಳುತ್ತಿತ್ತು. ಅಂಥ ಮನೆಯ ದೇವರ ಗೂಡಿನ ಪಕ್ಕದಲ್ಲಿ, ಅದೂ ಶುಕ್ರವಾರ, ಒಬ್ಬ ಮುದುಕ ರಕ್ತದ ಮಡುವಿನಲ್ಲಿ ಬೀಳುವವನಿದ್ದ.

ಬಿದ್ದ ಎಂದು ನಮಗೆ ಗೊತ್ತಾಗಲಿಲ್ಲ. ಪಿಟೀಲು ಕುಂಯ್ಯೆಂದಿತು. ಕೆಲಸದವಳೊಬ್ಬಳು ಬಾಗಿಲು ತೆರೆದು, "ಅಯ್ಯೋ ದೇವರೇ! ಯಜಮಾನರು..." ಎಂದಳು. ಅಜ್ಜಿಯ ಬೆರಳು ಗುಂಡಿಯನ್ನು ಸರ್ರನೆ ತಿರುಗಿಸಿತು. ಮನೆ ತುಂಬ ಮೌನ. ಅಜ್ಜಿ ಬತ್ತಿ ನೀವಿದಳು, ದೀಪ ಹಚ್ಚಿದಳು, ಕೈ ಮುಗಿದಳು. ಮತ್ತೆ ಗುಂಡಿ ತಿರುಗಿಸಿದಾಗ ಯಾರೋ, "ಬಾಗಿಲು ಒಳಗಿನಿಂದ ಹಾಕಿತ್ತು" ಎನ್ನುತ್ತಿದ್ದರು.

"ಅವ್ವ ಕೇಳಿದ್ಲಾ?" ಆ ಸಂಜೆ ಚಿಕ್ಕಪ್ಪ ಸೈಕಲ್ಲಿನಿಂದ ಇಳಿಯುತ್ತಲೇ ಕೇಳಿದ್ದು ಇದನ್ನು. ಊರೆಲ್ಲ ಕೇಳಿದರೂ ಅವನಿಗೆ ಬೇಕಾದ ಕಿವಿ ಒಂದೇ. ಅವನು ಓದಿದ ಪುಸ್ತಕ, ಬರೆದ ಕಥೆ ಯಾವುದೂ ಅವ್ವನಿಗೆ ತಲುಪುವಂಥದ್ದಲ್ಲ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ರೇಡಿಯೋ ಆದರೆ ಕೇಳಿಯಾಳು ಎಂದು ಆಸೆ. ಅಮ್ಮ ನಗು ತಡೆದುಕೊಂಡು, "ಕೇಳಿದ್ರು, ನಡುಮಧ್ಯದ್ದೊಂದು ಬಿಟ್ಟು" ಎಂದರು. ಆ ಒಂದು ಎಂದರೆ ಕೊಲೆ.

"ಆ ಮುದುಕುನ್ನ ಆಸ್ಪತ್ರೆಗೆ ಸೇರ್ಸ್‌ಬುಡ್ಲಾ ನಂಜ. ಸಾಯ್ಸ್‌ಬ್ಯಾಡ" ಎಂದಳು ಅಜ್ಜಿ, ಮಾರನೆಯ ಬೆಳಿಗ್ಗೆ. ಬೆಳಿಗ್ಗೆ ಮಾತಾಡಬಹುದು. ಬೆಳಗಿನ ಹೊತ್ತು ದೇವತೆಗಳಿಗೆ ಬೇರೆ ಕೆಲಸ.

"ಅವ್ವ, ಪುಸ್ತಕದಲ್ಲಿ ಸತ್ತಿದಾನೆ. ನಾನೆಂಗೆ ಬದುಕಿಸಲಿ? ಅವನು ಸಾಯದೆ ಇದ್ರೆ ಪತ್ತೇದಾರನಿಗೆ ಕೆಲಸವೇ ಇಲ್ವಲ್ಲ."

"ಓದ್ದೋನಂತಲ್ಲ, ಅವ್ನಿಗೆ ಬ್ಯಾರೆ ಕೆಲ್ಸ ಕೊಡ್ಸು."

ಚಿಕ್ಕಪ್ಪ ಒಂದಕ್ಷರ ಬದಲಿಸಲಿಲ್ಲ, ಅಜ್ಜಿ ಒಂದು ಸಾವನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಹೀಗೆ ನಮ್ಮ ವಠಾರ ಸಾವೇ ಇಲ್ಲದ ಪತ್ತೇದಾರಿ ನಾಟಕವೊಂದನ್ನು ವಾರವಾರವೂ ಕೇಳಿತು. ಪಕ್ಕದ ಮನೆಯ ಗೌರಮ್ಮನವರಂತೂ ಕೊನೆಯವರೆಗೂ, "ಆ ದೊಡ್ಡ ದೊರೆ ಮೊದಲನೇ ವಾರದಿಂದ ಕಾಣ್ತಾನೇ ಇಲ್ಲ ಕಣ್ರೀ. ಎಲ್ಲೋ ಅಡಗಿ ಕೂತು ಎಲ್ಲ ಅವನೇ ಮಾಡಿಸ್ತಿದಾನೆ" ಎಂದು ಕೊಲೆಯಾದವನ ಮೇಲೆಯೇ ಗುಮಾನಿ ಇಟ್ಟಿದ್ದರು. ಹಿಮ ಅಷ್ಟು ಬಿದ್ದರೆ ಅಲ್ಲಿಯ ಜನ ರಾಗಿ ಎಲ್ಲಿ ಒಣಗಿಸುತ್ತಾರೆ ಎಂಬುದೂ ಅವರಿಗೆ ಬಗೆಹರಿಯದ ರಹಸ್ಯ.

ನಾನು ಮಾತ್ರ ಹುಷಾರಾದೆ. ರೇಡಿಯೋ ಕೇಳುವುದಕ್ಕಿಂತ ಅಜ್ಜಿಯ ಕೈ ನೋಡಿದರೆ ಹೆಚ್ಚು ಗೊತ್ತಾಗುತ್ತದೆ ಎಂದು ಕಂಡುಕೊಂಡೆ. ಅವಳು ಗುಂಡಿ ಮುಟ್ಟಿದರೆ ಯಾರಿಗೋ ಕಂಟಕ. ಸ್ವಲ್ಪ ತಿರುಗಿಸಿದರೆ ಬರೀ ಸಾವಿನ ಮಾತು, ಪೂರ್ತಿ ತಿರುಗಿಸಿದರೆ ಹೊಸ ಹೆಣ. ಪಿಟೀಲು ಕುಂಯ್ಯೆನ್ನುವ ಮೊದಲೇ ಅವಳಿಗೆ ವಾಸನೆ ಹೊಡೆಯುತ್ತಿದ್ದುದು ಹೇಗೋ ಕಾಣೆ. ಒಂದು ವಾರ ಅಡುಗೆಯವನು, "ಉಗ್ರಾಣದಲ್ಲೊಂದು ಸತ್ತ..." ಎನ್ನುವಷ್ಟರಲ್ಲೇ ಗುಂಡಿ ತಿರುಗಿತು. ಇನ್ನೊಂದು ಕೊಲೆಯಾಯಿತೆಂದು ಅರ್ಥಮಾಡಿಕೊಂಡು ನಾನು ರಾತ್ರಿಯೆಲ್ಲ ಉಗ್ರಾಣದಲ್ಲಿ ಯಾರು ಸತ್ತಿರಬಹುದೆಂದು ತಲೆ ಕೆಡಿಸಿಕೊಂಡೆ. ಸತ್ತದ್ದು ಇಲಿ.

ಶನಿವಾರದ ಬೆಳಿಗ್ಗೆಗಳು ಇನ್ನೂ ಚೆನ್ನ. ಅಜ್ಜಿ ರಾಗಿ ಬೀಸುತ್ತ ಕೂತು ಚಿಕ್ಕಪ್ಪನನ್ನು ವಿಚಾರಣೆಗೆ ಕರೆಯುತ್ತಿದ್ದಳು. "ನೆನ್ನೆ ಯಾರೋ ವೋದ್ರಲ್ಲ, ಯಾರ್ಲಾ ಅದು? ಹೆಂಡ್ರು ಮಕ್ಳು ಅವ್ರಾ?" ಹಿಂದಿನ ಸಂಜೆ ತಾನೇ ಮುಚ್ಚಿಹಾಕಿದ್ದನ್ನೆಲ್ಲ ಬೆಳಿಗ್ಗೆ ತಾನೇ ಕೆದಕಿ ತೆಗೆಯುವಳು. ಒಂದು ಶನಿವಾರ ಅವಳು ಕೇಳಿದ್ದು ಪತ್ತೇದಾರನಿಗೂ ಇನ್ನೂ ಹೊಳೆಯದಿದ್ದ ಪ್ರಶ್ನೆ: ಬಂಗಲೆಯಲ್ಲಿ ಅಷ್ಟು ಜನ ಇದ್ದರಲ್ಲ, ಅವತ್ತು ಯಾರು ಊಟ ಬಿಟ್ಟರು? ಊಟ ಬಿಟ್ಟವನ ಮನಸ್ಸು ಸರಿಯಿರಲಿಲ್ಲ ಎಂದೇ ಅರ್ಥ. ಚಿಕ್ಕಪ್ಪ ಬೆಚ್ಚಿ ಅವಳ ಮುಖ ನೋಡಿದ. ಪುಸ್ತಕಗಳನ್ನು ನೋಡಿಕೊಳ್ಳುವ ಆ ಮೆತ್ತನೆಯ ಮನುಷ್ಯ ಎರಡನೆಯ ಕಂತಿನಲ್ಲಿ, ಕೊಲೆಯಾದ ರಾತ್ರಿಯೇ ಊಟಕ್ಕೆ ಕರೆದಾಗ, "ನನಗೆ ಹಸಿವಿಲ್ಲ" ಎಂದಿದ್ದ.

"ಅವ್ನೇ" ಎಂದಳು ಅಜ್ಜಿ. ಆಮೇಲೆ ಬೀಸುವುದನ್ನು ನಿಲ್ಲಿಸಿ, "ಆದ್ರೆ ಯಾಕೆ? ಅನ್ನ ಇಕ್ದೋನು ಕಣ್ಲಾ ಆ ಮುದುಕ. ನೆಳ್ಳು ಕೊಟ್ಟೋನು. ಅಂತೋನ್ನ ಯಾಕೆ?" ಎಂದಳು.

"ಕೊನೇ ಕಂತಿನಲ್ಲಿ ಅವನೇ ಹೇಳ್ತಾನೆ ಅವ್ವ. ಗುಂಡಿ ತಿರುಗಿಸಬೇಡ, ಅದೊಂದು ದಿನ ಕೇಳು. ನಿನ್ನ ಕಾಲು ಹಿಡ್ಕೊತೀನಿ" ಎಂದ ಚಿಕ್ಕಪ್ಪ. ಹೈಸ್ಕೂಲು ಮೇಷ್ಟ್ರು ಮಗುವಿನಂತೆ ಅಂಗಲಾಚಿದ್ದು ನೋಡಿ ನನಗೆ ಕಸಿವಿಸಿಯಾಯಿತು. ಅಜ್ಜಿ ಮತ್ತೆ ಬೀಸುಕಲ್ಲಿನ ಗೂಟ ಹಿಡಿದಳು.

ಅವಳು ಯಾಕೆ ಹಾಗೆ ಎಂದು ನಾನು ಅಮ್ಮನನ್ನು ಕೇಳಿದ್ದು ಆ ದಿನವೇ. ಅಪ್ಪನಿಗೊಬ್ಬ ಅಣ್ಣ ಇದ್ದನಂತೆ, ನಾನು ಹುಟ್ಟುವ ಮೊದಲು, ಊರಿನಲ್ಲಿ. ಗದ್ದೆಯಲ್ಲಿ ದಿನವೆಲ್ಲ ದುಡಿದು ಬಂದು ಜಗಲಿಯ ಮೇಲೆ ಉರುಳಿಕೊಂಡು, "ಸತ್ತೋದೆ ಕಣವ್ವ ಇವತ್ತು" ಅಂದನಂತೆ. ದಣಿದವರೆಲ್ಲ ಆಡುವ ಮಾತು. ನಾನೂ ನೀವೂ ಎಷ್ಟು ಸಲ ಆಡಿಲ್ಲ? ಅಜ್ಜಿ ಆಗ ದೀಪ ಹಚ್ಚುತ್ತಿದ್ದಳು. ಸ್ವಲ್ಪ ದಿನಕ್ಕೇ ಜ್ವರ ಬಂದು ಅವನು ಹೋಗಿಬಿಟ್ಟ. ಜ್ವರ ಊರಿಗೆಲ್ಲ ಬಂದಿತ್ತು, ಆದರೆ ಅಜ್ಜಿಯ ಲೆಕ್ಕದಲ್ಲಿ ಅವನನ್ನು ಒಯ್ದದ್ದು ಆ ಮಾತು. ಆ ಮಾತು ಆಡಿದಾಗ ತಾನು ಅಲ್ಲೇ ಇದ್ದೂ ಅದನ್ನು ಅಳಿಸಲು ಇನ್ನೊಂದು ಮಾತು ಆಡಲಿಲ್ಲವಲ್ಲ ಎಂಬುದು ಅವಳ ಸಂಕಟ. ಇದನ್ನು ಕೇಳಿದ ಮೇಲೆ ಗುಂಡಿಯ ಮೇಲಿನ ಅವಳ ಬೆರಳು ನೋಡಿ ನನಗೆ ನಗು ಬರಲಿಲ್ಲ.

ಕೊನೆಯ ಕಂತಿನ ಶುಕ್ರವಾರ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಠಾರದ ಹೆಂಗಸರು ಬಿಡಿಸಬೇಕಾದ ಸೊಪ್ಪು, ಕಟ್ಟಬೇಕಾದ ಹೂವು ತೆಗೆದುಕೊಂಡು ಬಂದು ಕೂತಿದ್ದರು. ಮೆತ್ತನೆಯ ಮನುಷ್ಯನ ಪಾತ್ರ ಮಾಡುತ್ತಿದ್ದವರು ಚಿಕ್ಕಪ್ಪನ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಇಷ್ಟು ವಾರದಲ್ಲಿ ಅವರ ಧ್ವನಿ ನಮಗೆಲ್ಲ ನೆಂಟರ ಧ್ವನಿಯಷ್ಟು ಪರಿಚಯ. ಅಜ್ಜಿ ಗಿಂಡಿ ಹಿಡಿದು ನಿಂತಿದ್ದಳು. ಪತ್ತೇದಾರ ಎಲ್ಲರನ್ನೂ ಪುಸ್ತಕದ ಕೋಣೆಗೆ ಕರೆಸಿದ. ಒಬ್ಬೊಬ್ಬರನ್ನೇ ಗುಮಾನಿಯಿಂದ ಬಿಡುತ್ತ ಬಂದ. ಕೊನೆಗೆ, "ಅವತ್ತು ರಾತ್ರಿ ನಿಮಗೆ ಹಸಿವಿರಲಿಲ್ಲ, ಅಲ್ಲವೇ?" ಎಂದು ಮೆತ್ತಗೆ ಕೇಳಿದ. ಅಜ್ಜಿ ನಮ್ಮ ಕಡೆ ತಿರುಗಿ ಗಲ್ಲ ಎತ್ತಿ ನೋಡಿದಳು, ನಾನು ಹೇಳಿರಲಿಲ್ಲವಾ ಎನ್ನುವ ಹಾಗೆ.

"ನಿಜ. ನಾನೇ" ಎಂದಿತು ರೇಡಿಯೋ.

ಡ್ರಾಯಿಂಗ್ ಮೇಷ್ಟ್ರ ಧ್ವನಿಯಲ್ಲ. ಚಿಕ್ಕಪ್ಪನದು.

ಆಮೇಲೆ ತಿಳಿಯಿತು, ಮೇಷ್ಟ್ರಿಗೆ ನೆಗಡಿಯಾಗಿ ಮಧ್ಯಾಹ್ನದ ಹೊತ್ತಿಗೆ ಗಂಟಲೇ ಹೊರಡಲಿಲ್ಲವಂತೆ. ಆಗ ನಾಟಕವೆಲ್ಲ ನೇರ ಪ್ರಸಾರ, ಮೊದಲೇ ರೆಕಾರ್ಡು ಮಾಡಿಟ್ಟುಕೊಳ್ಳುತ್ತಿರಲಿಲ್ಲ. ಮಾತೆಲ್ಲ ಬಾಯಿಪಾಠ ಇದ್ದವನು ಚಿಕ್ಕಪ್ಪನೊಬ್ಬನೇ. ಪತ್ತೇದಾರ ಇನ್ನೊಬ್ಬರನ್ನು ವಿಚಾರಿಸುತ್ತಿದ್ದಷ್ಟು ಹೊತ್ತೂ ಆ ಪಾತ್ರಕ್ಕೆ ಮಾತಿರಲಿಲ್ಲವಾದ್ದರಿಂದ ನಮಗೆ ಗೊತ್ತಾಗಿರಲಿಲ್ಲ. ಅಲ್ಲಿ ಮೈಕಿನ ಮುಂದೆ ನಿಂತವನಿಗೆ ಇಲ್ಲಿ ಗೂಡಿನ ಮುಂದೆ ಯಾರು ನಿಂತಿದ್ದಾರೆಂದು ಚೆನ್ನಾಗಿ ಗೊತ್ತು. ಆದರೂ ಮೂಲಕ್ಕೆ ನಿಷ್ಠೆ.

"ಯಾಕೆ ಎಂದು ಕೇಳುತ್ತೀರಾ? ಹೇಳುತ್ತೇನೆ. ಕಾಯುವಷ್ಟು ಸಮಯ ನನಗಿಲ್ಲ. ಈ ಲೋಟದಲ್ಲಿದ್ದದ್ದನ್ನು ಕುಡಿದಾಗಿದೆ. ಇನ್ನು ಸ್ವಲ್ಪ ಹೊತ್ತಿಗೆ ನಾನು..."

ಅಜ್ಜಿಯ ಕೈ ಗುಂಡಿಗೆ ಹೋಯಿತು. ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ಬೆರಳು ಗುಂಡಿಯ ಮೇಲಿತ್ತು, ತಿರುಗಲಿಲ್ಲ. ಮಗನ ಮಾತನ್ನು ಅರ್ಧಕ್ಕೆ ನಿಲ್ಲಿಸಲು ಅವಳ ಕೈಯಲ್ಲಿ ಆಗಲಿಲ್ಲ. ಗಿಂಡಿ ಕೆಳಗಿಟ್ಟಳು. ಎರಡೂ ಅಂಗೈಗಳನ್ನು ಬಿಸಿಯಾದ ರೇಡಿಯೋದ ತಲೆಯ ಮೇಲೆ ಇಟ್ಟು, ಕಣ್ಣು ಮುಚ್ಚಿ, ಅವನಿಗಿಂತ ಗಟ್ಟಿಯಾಗಿ ಕೂಗಿದಳು:

"ನೂರ್ ವರ್ಸ ಬಾಳಪ್ಪಾ!"

"...ಸಾಯುವ ಮೊದಲು ಹೇಳಲೇಬೇಕಾದ ಒಂದು ಮಾತಿದೆ. ನಾನು ಅವರನ್ನು ಕೊಂದದ್ದು..."

"ನೂರ್ ವರ್ಸ ಬಾಳ್ಲಾ ನನ್ ಮಗನೇ, ನೂರ್ ವರ್ಸ!"

ಅವನು ಒಂದು ವಾಕ್ಯ ಅಂದರೆ ಇವಳು ಒಂದು. ಅಲ್ಲಿ ಅವನು ವಿಷವೇರಿ ಏದುಸಿರು ಬಿಡುತ್ತಿದ್ದರೆ ಇಲ್ಲಿ ಇವಳ ಧ್ವನಿ ಏರುತ್ತಿತ್ತು. ಮೊದಲು ಅಮ್ಮ ಸೇರಿಕೊಂಡರು. ಆಮೇಲೆ ಹೂವು ಕೆಳಗಿಟ್ಟು ಗೌರಮ್ಮನವರು, "ಚೆನ್ನಾಗಿರಪ್ಪ, ಚೆನ್ನಾಗಿರು!" ಎಂದರು. ಆಮೇಲೆ ಪಡಸಾಲೆಯಲ್ಲಿದ್ದ ಅಷ್ಟೂ ಹೆಂಗಸರು. ಯಾವುದೋ ಸೀಮೆಯ ಹಿಮದ ಬಂಗಲೆಯಲ್ಲಿ ಅನ್ನ ಹಾಕಿದವನನ್ನು ಕೊಂದು ತಾನೂ ಸಾಯುತ್ತಿದ್ದ ಪಾಪಿಗೆ ಚಾಮರಾಜಪುರಂನ ಒಂದಿಡೀ ವಠಾರ ಆಶೀರ್ವಾದ ಮಾಡಿತು. ನನಗೂ ಅಳು ಬಂತು. ಆದರೆ ಅಳುತ್ತಲೇ ಕಿವಿಗೊಟ್ಟೆ, ಯಾಕೆ ಕೊಂದ, ಯಾಕೆ ಕೊಂದ ಎಂದು. ಒಂದು ಮಾತೂ ಕಿವಿಗೆ ಬೀಳಲಿಲ್ಲ. ಸದ್ದು ಅಡಗುವಷ್ಟರಲ್ಲಿ ಪಿಟೀಲೂ ಮುಗಿದು, ಕೃಷಿಕರಿಗೆ ಹವಾಮಾನ ಹೇಳುತ್ತಿದ್ದರು.

ಚಿಕ್ಕಪ್ಪ ಬಾಗಿಲಲ್ಲಿ ಸೈಕಲ್ಲು ನಿಲ್ಲಿಸಿದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. "ಅವ್ವ, ಕೇಳಿದ್ಯಾ?" ಎಂದ.

"ಪೂರಾ ಕೇಳ್ದೆ ಕಣಪ್ಪ. ಗುಂಡಿ ತಿರುಗಿಸ್ಲಿಲ್ಲ" ಎಂದಳು ಅಜ್ಜಿ. ಗುಂಡಿಯ ಮಟ್ಟಿಗೆ ಅದು ಸುಳ್ಳೂ ಅಲ್ಲ.

"ಎಂಗಿತ್ತು?"

"ಗಂಟ್ಲು ಕಟ್ಟಿತ್ತು ನಿಂಗೆ. ಮೆಣಸಿನ ಕಸಾಯ ಮಾಡ್ಕೊಡ್ತೀನಿ, ಕುಡಿ."

ಅವನು ಅಲ್ಲೇ ಹೊಸ್ತಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತುಬಿಟ್ಟ. ಅಜ್ಜಿ ತಲೆ ನೇವರಿಸುತ್ತ ನಿಂತಿದ್ದಳು.

ಮಾರನೆಯ ದಿನ, ಶನಿವಾರ, ನಾನು ಬೇಗ ಎದ್ದು ಬೀಸುಕಲ್ಲಿನ ಪಕ್ಕ ಜಾಗ ಹಿಡಿದೆ. ಬೆಳಗಾಯಿತಲ್ಲ, ಇನ್ನು ವಿಚಾರಣೆ ಆಗಬೇಕು, 'ಯಾಕೆ' ಹೊರಗೆ ಬರಬೇಕು. ಅಜ್ಜಿ ಅವತ್ತು ವಿಚಾರಣೆ ಮಾಡಲಿಲ್ಲ. ಚಿಕ್ಕಪ್ಪನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು, "ನೆನ್ನೆ ಆಡಿದ್ ಮಾತ ಇನ್ ಯಾವತ್ತೂ ನಿನ್ ಬಾಯಲ್ಲಿ ಆಡ್ಬ್ಯಾಡ. ಹೊತ್ತಾರೇನೂ ಬ್ಯಾಡ. ನನ್ ತಲೆ ಮುಟ್ಟಿ ಆಣೆ ಮಾಡು" ಎಂದಳು. ಅವನು ಮಾಡಿದ. ನನಗೆ ಆದ ನಿರಾಸೆ ಇಷ್ಟೆಂದು ಹೇಳಲಾರೆ.

ಸೋಮವಾರ ಸ್ಕೂಲಿನಲ್ಲಿ ಫಿಲೋಮಿನಾಳನ್ನು ಹಿಡಿದೆ. ಲಷ್ಕರ್ ಮೊಹಲ್ಲಾದ ಅವರ ಮನೆಯಲ್ಲೂ ರೇಡಿಯೋ ಇತ್ತು, ನಾಟಕ ತಪ್ಪದೆ ಕೇಳುತ್ತಿದ್ದರು. "ಯಾಕಂತೆ ಕೊಂದಿದ್ದು?" ಎಂದೆ. ಅವಳು ಮುಖ ಸಪ್ಪಗೆ ಮಾಡಿಕೊಂಡು, "ಅವನು 'ಹೇಳ್ತೀನಿ' ಅಂದ ಕಣೇ. ಅಷ್ಟೊತ್ತಿಗೆ ಜಪಸರದ ಪ್ರಾರ್ಥನೆಗೆ ಹೊತ್ತಾಯ್ತು ಅಂತ ನಮ್ಮಮ್ಮ ರೇಡಿಯೋನೇ ಆರಿಸ್ಬುಟ್ರು. ನಾನೇ ನಿನ್ನ ಕೇಳೋಣ ಅಂತಿದ್ದೆ" ಎಂದಳು. ಇಬ್ಬರೂ ಹುಣಸೆಹಣ್ಣು ಚೀಪುತ್ತ ನಮ್ಮ ಪಾಡಿಗೆ ಒಂದಿಷ್ಟು ಕಾರಣ ಊಹಿಸಿಕೊಂಡೆವು. ಮುದುಕ ಪುಸ್ತಕ ಮಾರಲು ಹೊರಟಿದ್ದ ಎಂದು ಅವಳು. ಊಟಕ್ಕೆ ಕರೆಯುವಾಗ ಹಂಗಿಸುತ್ತಿದ್ದ ಎಂದು ನಾನು.

ಪುಸ್ತಕ ಓದಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ, ಗೊತ್ತು. ಕಾಲೇಜಿಗೆ ಹೋಗುವಾಗ ಚಿಕ್ಕಪ್ಪ ಕಟ್ಟಿಟ್ಟಿದ್ದ ದಾರ ಬಿಚ್ಚಿ ಕೂತದ್ದುಂಟು. ಆ ಲೇಖಕ ಬಂಗಲೆಯ ಕುರ್ಚಿ, ಪರದೆ, ಕಂಬಳಿಗಳನ್ನು ವರ್ಣಿಸಿ ಮುಗಿಸುವುದರೊಳಗೆ ನನಗೆ ನಿದ್ದೆ. ಕೊನೆಯ ಪುಟ ಮೊದಲು ಓದುವುದು ಮೋಸ ಎಂದು ಚಿಕ್ಕಪ್ಪನೇ ಕಲಿಸಿದ್ದ. ಅವನು ತೊಂಬತ್ತರ ಆಚೆಗೂ ಬದುಕಿ, ಕಣ್ಣು ಕಿವಿ ಎಲ್ಲ ಸರಿಯಿದ್ದು, ಒಂದು ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಅದಕ್ಕೆ ಸ್ವಲ್ಪ ಮೊದಲು ಕೇಳಿದ್ದೆ: "ಅಜ್ಜಿ ಹೋಗಿ ಎಷ್ಟು ಕಾಲವಾಯ್ತು ಚಿಕ್ಕಪ್ಪ, ಇನ್ನೂ ಯಾಕೆ ಆಣೆ? ಈಗಲಾದ್ರೂ ಹೇಳು." ಅವನು ನಕ್ಕು, "ನೂರು ಅಂದಿದಾಳೆ ಕಣಮ್ಮ, ಯಾಕೆ ಕೆಡಿಸ್ಕೊಳ್ಳಿ?" ಎಂದಿದ್ದ.

ಇಷ್ಟೆಲ್ಲ ಚೈತ್ರಳಿಗೆ ಹೇಳಿರಲಿಲ್ಲ. ಆ ಟೀವಿ ಸರಣಿಯ ಕೊನೆಯ ಭಾಗ ಹಾಕಿದ್ದು ನೆನ್ನೆ ಸಂಜೆ. ದೀಪಕ್ಕೆ ಎಣ್ಣೆ ಬಿಟ್ಟು ಬಂದು ನಾನು ರಿಮೋಟನ್ನು ಅವಳ ಕೈಗೇ ಕೊಟ್ಟು ಕೂತೆ, ನನ್ನ ಕೈಯ ಮೇಲೆ ನನಗೇ ನಂಬಿಕೆಯಿಲ್ಲದೆ. ಸರಣಿ ನಿಜಕ್ಕೂ ನಿಷ್ಠವಾಗಿತ್ತು. ಪುಸ್ತಕದ ಕೋಣೆ, ಹಸಿವಿನ ಪ್ರಶ್ನೆ, ಎಲ್ಲ ಚಿಕ್ಕಪ್ಪ ಬರೆದ ಹಾಗೇ. ಅದೇ ಮೆತ್ತನೆಯ ಮನುಷ್ಯ ಲೋಟ ಕೆಳಗಿಟ್ಟು ತಲೆ ಎತ್ತಿದ. ಎಳೆಯ ಮುಖ, ಯಾರ ಮಗನೋ ಏನೋ. ಈಗ ಹೇಳುತ್ತಾನೆ. ಅವನು ಬಾಯಿ ತೆರೆದ.

"ನೂರ್ ವರ್ಸ ಬಾಳಪ್ಪಾ!"

ಅಂದದ್ದು ನಾನೇ. ಅಜ್ಜಿಯ ಧ್ವನಿಯಲ್ಲೇ ಬಂತು. ಚೈತ್ರ ಗಾಬರಿಯಾಗಿ ಗುಂಡಿ ಒತ್ತಿ ಚಿತ್ರ ನಿಲ್ಲಿಸಿದಳು. "ಅಜ್ಜೀ! ಅವನು ಕೊಲೆಗಾರ!"

"ಗೊತ್ತು ಕಣೇ."

"ಇನ್ನೂ ಏನೂ ಹೇಳಿಲ್ಲ ಅವನು. ಹಾಕ್ಲಾ?"

ತೆರೆಯ ಮೇಲೆ ಅವನು ಬಾಯಿ ತೆರೆದು ಹಾಗೇ ನಿಂತಿದ್ದ. ನನ್ನ 'ಯಾಕೆ' ಅವನ ತುಟಿಯ ತುದಿಯಲ್ಲಿತ್ತು. ಒಳಗೆ ದೀಪ ಸಣ್ಣಗೆ ಉರಿಯುತ್ತಿತ್ತು.

"ಬೇಡ, ಬೆಳಿಗ್ಗೆ ಹಾಕು" ಎಂದೆ. "ಅಲ್ಲೀವರೆಗೆ ಬದುಕಿರ್ಲಿ, ಪಾಪ."